ಅಜ್ಜಿಗೆ ಕಣ್ಣು ಬರೆಸಿದ ಫೋಟೋ

ಚಾಮರಾಜನಗರ ಜಿಲ್ಲೆಯಾಗಿ ಹತ್ತು ವರ್ಷ ತುಂಬುತ್ತಾ ಬಂದಾಗ ನಮ್ಮ ಊರಿನ ಕೆಲವು ದೊಡ್ಡವರಿಗೆ ಊರಿಗೊಂದು ಚರಿತ್ರೆ ಬೇಕು ಅನ್ನಿಸಿತು. ಹಳೆಯ ಪೋಸ್ಟ್ ಕಾರ್ಡು, ಹಳೆಯ ಫೋಟೋಗಳನ್ನೆಲ್ಲ ಕೂಡಿಸಿ ದಪ್ಪನೆಯ ಪುಸ್ತಕವೊಂದನ್ನು ತರುವುದು ಎಂದು ತೀರ್ಮಾನವಾಯಿತು. ಅದಕ್ಕೊಂದು ಸಮಿತಿಯೂ ಆಯಿತು. ಅಧ್ಯಕ್ಷರು ನಿವೃತ್ತ ಪ್ರಾಂಶುಪಾಲರು. ಜೊತೆಗೆ ಒಬ್ಬ ವಕೀಲರು, ಇಬ್ಬರು ಕಾಲೇಜು ಮೇಷ್ಟ್ರು, ಒಬ್ಬ ಜವಳಿ ವ್ಯಾಪಾರಿ. ಹೆಂಗಸು ಅಂತ ಒಬ್ಬರಾದರೂ ಇರಲಿ ಎಂದು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ನನ್ನನ್ನು ಸೇರಿಸಿಕೊಂಡರು. ನನ್ನ ಕೆಲಸ ಏನು ಎನ್ನುವುದು ಮೊದಲನೇ ಸಭೆಯಲ್ಲೇ ಗೊತ್ತಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗಿ ಎಲ್ಲರಿಗೂ ಕಾಫಿ ಹೇಳಿ ಮೇಡಂ ಎಂದರು. ನಾನು ಎದ್ದು ಹೋಗಿ ಹೇಳಿ ಬಂದೆ.

ಸಮಿತಿಗೆ ಮೊದಲು ಸಿಕ್ಕಿದ್ದೆಲ್ಲ ಪೋಸ್ಟ್ ಕಾರ್ಡುಗಳೇ. ಚಾಮರಾಜೇಶ್ವರ ದೇವಸ್ಥಾನದ ಗೋಪುರ, ಜನನ ಮಂಟಪ, ರೈಲ್ವೆ ಸ್ಟೇಷನ್ನು, ಮಂಜಿನಲ್ಲಿ ಅರ್ಧ ಮುಚ್ಚಿಹೋದ ಗೋಪಾಲಸ್ವಾಮಿ ಬೆಟ್ಟ. ಮಹಾರಾಜರೊಬ್ಬರು ಇಲ್ಲಿ ಹುಟ್ಟಿದರು ಎನ್ನುವುದಕ್ಕೆ ಅರಿಕುಠಾರ ಅಂತಿದ್ದ ಊರಿನ ಹೆಸರೇ ಬದಲಾಯಿತಂತೆ, ಇನ್ನು ಪೋಸ್ಟ್ ಕಾರ್ಡಿನಲ್ಲಿ ಊರಿನವರ ಮುಖ ಎಲ್ಲಿಂದ ಬರಬೇಕು? ಬಂಡೀಪುರದ ಒಂದು ಕಾರ್ಡಿನಲ್ಲಿ ಸತ್ತ ಹುಲಿಯ ಪಕ್ಕ ಟೋಪಿ ಹಾಕಿದ ದೊರೆ ನಿಂತಿದ್ದ. ಅವನ ಹೆಸರು ಅಚ್ಚಾಗಿತ್ತು. ಹುಲಿಯನ್ನು ಎಬ್ಬಿಸಿ ಓಡಿಸಿಕೊಂಡು ಬಂದವರು ಹಿಂದೆ ಸಾಲಾಗಿ ನಿಂತಿದ್ದರು, ಅವರ ಕೆಳಗೆ ಏನೂ ಇರಲಿಲ್ಲ. ನಾನು ಇದನ್ನು ಸಭೆಯಲ್ಲಿ ಹೇಳಿದೆ. ಊರಿನ ಜನರ ಮುಖ ಬೇಕಾದರೆ ಮನೆಗಳ ಗೋಡೆ ನೋಡಬೇಕು, ಅಲ್ಲಿರುವುದನ್ನು ತರೋಣ ಎಂದೆ. ಹಾಗಾದರೆ ನೀವೇ ತನ್ನಿ ಎಂದರು. ಹೆಂಗಸರ ಹತ್ತಿರ ಮಾತಾಡಿ ತರುವುದು ಹೆಂಗಸಿಗೇ ಸುಲಭ ಎಂದು ವಕೀಲರು ಸೇರಿಸಿದರು.

ಹಾಗೆ ಭಾನುವಾರಗಳನ್ನೆಲ್ಲ ನಾನು ಮನೆ ಮನೆ ಸುತ್ತುವುದರಲ್ಲಿ ಕಳೆದೆ. ಗೋಡೆಯ ಮೇಲಿನ ಹಿರಿಯರ ಫೋಟೋ ಇಳಿಸಿಕೊಡಿ ಎಂದು ಕೇಳುವುದು ಸುಲಭದ ಕೆಲಸವಲ್ಲ. ಕೆಲವರು ದೇವರ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿಕೊಂಡರು. ಕೆಲವರು ಬಾಗಿಲಲ್ಲೇ ನಿಲ್ಲಿಸಿ, ನಿಮ್ಮ ಮನೆಯದು ಮೊದಲು ಕೊಟ್ಟಿದ್ದೀರಾ ತಾಯಿ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಬೇಕು ಎಂಬ ನೆಪ ಮಾಡಿಕೊಂಡು ನಾನು ಒಂದು ಭಾನುವಾರ ಗುಂಡ್ಲುಪೇಟೆಗೆ ಹೋದೆ.

ಗುಂಡ್ಲುಪೇಟೆಯಲ್ಲಿ ನನ್ನ ಸೋದರತ್ತೆ, ಅಂದರೆ ಅಪ್ಪನ ತಂಗಿ, ಊಟಿ ರಸ್ತೆಯ ಮೇಲೆ ಒಂದು ಸಣ್ಣ ಹೋಟೆಲು ನಡೆಸುತ್ತಿದ್ದಳು. ಅರವತ್ತು ದಾಟಿದ ಮೇಲೂ ಬೆಳಿಗ್ಗೆ ಇಡ್ಲಿ ಹಿಟ್ಟಿಗೆ ಅವಳೇ ಕೈ ಹಾಕಬೇಕು, ಸೊಸೆ ಹಾಕಿದರೆ ಹುಳಿ ಹೆಚ್ಚಾಗುತ್ತದೆ ಎಂದು ಬಾಯಿ ಮಾಡುತ್ತಿದ್ದಳು. ಚೆಂಡುಹೂವು ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಯವರ ಹತ್ತಿರ ಅವರ ಮಲಯಾಳದಲ್ಲೇ ಜಗಳ ಆಡುವಷ್ಟು ಜೋರು. ಆದರೆ ಅಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡನ್ನೂ ಯಾರನ್ನಾದರೂ ಕೇಳಿಯೇ ಹತ್ತುತ್ತಿದ್ದಳು.

ಅವಳ ಹೋಟೆಲಿನಲ್ಲಿ, ಒಳಗೆ ಬಂದವರಿಗೆಲ್ಲ ಎದುರಿಗೇ ಕಾಣುವ ಹಾಗೆ, ಒಂದು ಫೋಟೋ ಇತ್ತು. ನನ್ನ ಅಜ್ಜಿಯದು. ಮರದ ಕುರ್ಚಿಯಲ್ಲಿ ಕೂತಿದ್ದಾಳೆ, ತಲೆಯ ಮೇಲೆ ಸೆರಗು, ಹಣೆಯ ತುಂಬ ವಿಭೂತಿ, ಕೊರಳಿಗೆ ಹಾರ. ತೊಡೆಯ ಮೇಲೆ ಐದಾರು ತಿಂಗಳ ಕೂಸು. ಅಜ್ಜಿಯ ಕಣ್ಣು ನೇರವಾಗಿ ನಮ್ಮನ್ನೇ ನೋಡುತ್ತಿವೆ. ಆ ಕೂಸು ನನ್ನ ಅತ್ತೆ. ಅವಳಿಗೆ ಬುದ್ಧಿ ತಿಳಿಯುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ತಾತ ಇನ್ನೊಂದು ಮದುವೆಯಾದರು. ಬಂದವಳು ಕೆಟ್ಟವಳೇನಲ್ಲ, ಹೊತ್ತಿಗೆ ಸರಿಯಾಗಿ ಹಿಟ್ಟು ಹಾಕಿದಳು, ಎಣ್ಣೆ ಹಚ್ಚಿ ನೀರು ಹಾಕಿದಳು, ಆದರೆ ಒಂದು ದಿನ ತೊಡೆಯ ಮೇಲೆ ಕೂರಿಸಿಕೊಳ್ಳಲಿಲ್ಲ ಎಂದು ಅತ್ತೆ ಹೇಳುತ್ತಿದ್ದಳು. ಅದಕ್ಕೇ ಅವಳಿಗೆ ಆ ಫೋಟೋ ಅಷ್ಟು ದೊಡ್ಡದು. ತನ್ನನ್ನೂ ಒಬ್ಬ ತಾಯಿ ಎತ್ತಿಕೊಂಡಿದ್ದಳು ಎನ್ನುವುದಕ್ಕೆ ಅವಳ ಹತ್ತಿರ ಇದ್ದ ಸಾಕ್ಷಿ ಅದೊಂದೇ. ಇಡ್ಲಿ ತಿನ್ನಲು ಬಂದ ಲಾರಿ ಡ್ರೈವರಿಗೂ ತೋರಿಸುತ್ತಿದ್ದಳು, ಇವಳು ನಮ್ಮವ್ವ, ತೊಡೆ ಮೇಲಿರೋದು ನಾನು ಎಂದು. ಅಣ್ಣನಿಗೆ ಅವ್ವನ ಕಣ್ಣೇ ಬಂದದೆ, ನನಗೆ ಏನೂ ಬರಲಿಲ್ಲ ಎಂದು ಸುಳ್ಳುಮುನಿಸು ಮಾಡುತ್ತಿದ್ದಳು.

ಆ ಫೋಟೋದ ನಿಜ ನನಗೆ ಗೊತ್ತಿತ್ತು. ಕಾಲೇಜು ಓದುವ ಕಾಲಕ್ಕೆ ಅಪ್ಪ ಹೇಳಿದ್ದರು. ಹಬ್ಬಕ್ಕೆ ಅತ್ತೆಯ ಮನೆಗೆ ಹೋಗಿದ್ದಾಗ ಹೋಟೆಲಿನ ಆ ಫೋಟೋದ ಗಾಜು ಒರೆಸುತ್ತಾ, ಅಜ್ಜಿಯ ಕಣ್ಣಲ್ಲಿ ಯಾಕೆ ಹೊಳಪೇ ಇಲ್ಲ ಎಂದು ಕೇಳಿದ್ದೆ. ಅಪ್ಪ ಸುಮ್ಮನಿರು ಎಂದು ಕಣ್ಣು ಬಿಟ್ಟರು. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡು ಹೇಳಿದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸುತ್ತೇವೆ. ಆ ಕಾಲದಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಹೆದರುತ್ತಿದ್ದರು. ಹಾಗಾಗಿ ಅನುಕೂಲ ಇದ್ದ ಮನೆಯವರು ಫೋಟೋದವನನ್ನು ಕರೆಸುತ್ತಿದ್ದುದು ಯಾರಾದರೂ ಸತ್ತ ದಿನವೇ. ಕೂರಿಸಿ ತೆಗೆದ ಮೇಲೆ, ಮುಚ್ಚಿದ ಕಣ್ಣನ್ನು ದಿನಾ ಗೋಡೆಯ ಮೇಲೆ ನೋಡುವುದು ಹೇಗೆ? ಅದಕ್ಕೆ ಸ್ಟುಡಿಯೋದವನು ರೆಪ್ಪೆಯ ಮೇಲೆ ಸಣ್ಣ ಕುಂಚದಲ್ಲಿ ಕಣ್ಣು ಬರೆದುಕೊಡುತ್ತಿದ್ದ. ಅಜ್ಜಿ ಜ್ವರದಲ್ಲಿ ಹೋದಾಗ ಅಪ್ಪನಿಗೆ ಏಳು ವರ್ಷ. ನಂಜನಗೂಡಿನಿಂದ ಬಂದ ಫೋಟೋದವನು, ಇವರ ಕಣ್ಣು ಹೇಗಿದ್ದವು ಸ್ವಾಮಿ ಎಂದು ತಾತನನ್ನು ಕೇಳಿದನಂತೆ. ತಾತನಿಗೆ ಹೇಳಲು ಬರಲಿಲ್ಲ. ಎಂಟೊಂಬತ್ತು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯ ಕಣ್ಣು ಹೇಗಿತ್ತು ಎಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಕೊನೆಗೆ ಮೂಲೆಯಲ್ಲಿ ಅಳುತ್ತಾ ನಿಂತಿದ್ದ ಮಗನನ್ನು ತೋರಿಸಿ, ಇವನದರ ಹಾಗೆ ಬರೆ ಎಂದರು. ಫೋಟೋದವನು ಅಪ್ಪನ ಗಲ್ಲ ಹಿಡಿದು ಎತ್ತಿ ಸ್ವಲ್ಪ ಹೊತ್ತು ನೋಡಿ ಹೋದ. ಅತ್ತೆ ಅವ್ವನ ಕಣ್ಣು ಎಂದು ದಿನಾ ನೋಡುತ್ತಿದ್ದುದು ತನ್ನ ಅಣ್ಣನ ಕಣ್ಣನ್ನೇ.

ಹೆಣದ ತೊಡೆಯ ಮೇಲೆ ಕೂಸನ್ನು ಕೂರಿಸಿದ್ದೂ ತಾತನೇ. ಮುಂದೆ ದೊಡ್ಡದಾದಾಗ ತಾಯಿ ಯಾರೆಂದು ಗೊತ್ತಾಗಲಿ ಎಂದರಂತೆ. ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ ಒಂದೇ ಮಾತು ಹೇಳಿದರು: "ನಿಮ್ಮತ್ತೆಗೆ ಇದು ಯಾವತ್ತೂ ಗೊತ್ತಾಗ್ಬಾರ್ದು ಕಣಮ್ಮಿ. ಅವ್ಳಿಗಿರೋದು ಅದೊಂದೇಯ." ನಾನು ಆಯಿತು ಎಂದೆ. ಅಪ್ಪ ಹೋಗಿ ಮೂರು ವರ್ಷವಾಗಿತ್ತು, ಪುಸ್ತಕದ ಮಾತು ಬಂದಾಗ.

ಅತ್ತೆ ಫೋಟೋ ಕೊಡಲು ಒಪ್ಪಲು ಅರ್ಧ ದಿನ ತೆಗೆದುಕೊಂಡಳು. ಅವ್ವ ಪುಸ್ತಕದಲ್ಲಿ ಬರುತ್ತಾಳೆ, ಜಿಲ್ಲೆಗೆಲ್ಲ ಗೊತ್ತಾಗುತ್ತಾಳೆ ಎಂದು ನಾನೇ ಪುಸಲಾಯಿಸಿದೆ. ಕೊನೆಗೆ ಇಳಿಸಿ, ತನ್ನ ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗು, ಸೀಟಿನ ಕೆಳಗೆ ಇಡಬೇಡ ಎಂದು ಎರಡು ಸಲ ಹೇಳಿದಳು.

ಮುಂದಿನ ಸಭೆಯಲ್ಲಿ ನಾನು ತಂದಿದ್ದ ಫೋಟೋಗಳನ್ನು ಅಧ್ಯಕ್ಷರು ಇಸ್ಪೀಟು ಎಲೆ ನೋಡುವ ಹಾಗೆ ಸರಸರನೆ ನೋಡಿದರು. ಮದುವೆ ಗುಂಪು, ತೊಟ್ಟಿಲ ಶಾಸ್ತ್ರ, ಮಿಲಿಟರಿಗೆ ಸೇರಿದ ಮಗ, ಗಡಿಯಾರ ಕಾಣುವ ಹಾಗೆ ಕೈ ಇಟ್ಟುಕೊಂಡ ಶ್ಯಾನುಭೋಗರು. ಇವೆಲ್ಲ ಮನೆಯ ವಿಷಯ, ಊರಿನ ಚರಿತ್ರೆ ಅಲ್ಲ ಎಂದರು. ವಿಶೇಷ ಅಂತ ಏನಿದೆ ಇದರಲ್ಲಿ ಮೇಡಂ? ನಿಮ್ಮ ಭಾಗ ಕೈಬಿಡಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಕಾಲೇಜು ಮೇಷ್ಟ್ರೊಬ್ಬರು ನಕ್ಕರು. ಎಂಟು ತಿಂಗಳ ಭಾನುವಾರ ನನ್ನ ಕಣ್ಣ ಮುಂದೆ ಬಂತು. ಎಷ್ಟು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ನಾನು ಅಜ್ಜಿಯ ಫೋಟೋವನ್ನು ಎತ್ತಿ ಮೇಜಿನ ಮಧ್ಯೆ ಇಟ್ಟು ಕೇಳಿದೆ: "ಈ ಹೆಂಗಸು ಬದುಕಿದ್ದಾಳೋ ಸತ್ತಿದ್ದಾಳೋ ಹೇಳಿ ಸರ್."

ಎಲ್ಲರೂ ಬಗ್ಗಿ ನೋಡಿದರು. ಆಮೇಲೆ ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ಕೂತರು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿ ನೋಡಿದರು. ಇದನ್ನೇ ಒಂದು ಲೇಖನ ಮಾಡಿ ಕೊಡಿ ಮೇಡಂ ಎಂದು ಅಧ್ಯಕ್ಷರು ಹೇಳಿದರು. ಅವತ್ತು ಕಾಫಿಯನ್ನು ಜವಳಿ ವ್ಯಾಪಾರಿ ಎದ್ದು ಹೋಗಿ ಹೇಳಿ ಬಂದರು. ಆ ಸಭೆಯಲ್ಲಿ ನನಗೆ ಆದ ಸುಖವನ್ನು ಮುಚ್ಚಿಡುವುದಿಲ್ಲ. ಅಪ್ಪನಿಗೆ ಕೊಟ್ಟ ಮಾತು ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ನೆನಪಿತ್ತು. ಅತ್ತೆಗೆ ಓದು ಬರುವುದಿಲ್ಲವಲ್ಲ, ಫೋಟೋ ನೋಡಿ ಖುಷಿಪಡುತ್ತಾಳೆ, ಕೆಳಗಿನ ಅಕ್ಷರ ಅವಳಿಗೆ ಇರುವೆ ಸಾಲು ಎಂದು ಲೆಕ್ಕ ಹಾಕಿದ್ದೆ. ಮಕ್ಕಳಿಗೆ ಅಕ್ಷರ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು, ಒಬ್ಬಳಿಗೆ ಅಕ್ಷರ ಬಾರದೆ ಇರುವುದನ್ನು ನಂಬಿಕೊಂಡು ಲೇಖನ ಬರೆದೆ.

ಬರೆದದ್ದೂ ಎಂಥ ಲೇಖನ! ಡಿಟಿಪಿ ಅಂಗಡಿಯಲ್ಲಿ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಇನ್ನೊಂದು ವಿಷಯ ಕಂಡಿತು. ಅಜ್ಜಿಯ ಎರಡೂ ಕೈ ಸೆರಗಿನ ಮಡಿಕೆಯೊಳಗೆ ಜೋಡಿಸಿಟ್ಟಂತೆ ಇವೆ. ಕೂಸು ಜಾರದ ಹಾಗೆ ಅದರ ಸೊಂಟವನ್ನು ಹಿಡಿದಿರುವ ಕೈ ಬೇರೆ. ಅದು ಕುರ್ಚಿಯ ಹಿಂದೆ ಇಳಿಬಿಟ್ಟ ಬಟ್ಟೆಯ ಸಂದಿಯಿಂದ ಬಂದಿದೆ. ಬಳೆ ಇಲ್ಲದ ಕೈ, ಬೆರಳಿನ ಗೆಣ್ಣು ದಪ್ಪ. ಯಾರೋ ಹಿಂದೆ ಅಡಗಿ ಕೂತು ಮಗುವನ್ನು ಹಿಡಿದಿದ್ದಾರೆ. ನನಗೆ ನಿಧಿ ಸಿಕ್ಕಷ್ಟು ಸಂತೋಷವಾಯಿತು. ಅಂಗಡಿಯವನನ್ನು ಕರೆದು ಕರೆದು ತೋರಿಸಿದೆ. ಲೇಖನದ ಕೊನೆಯ ಪ್ಯಾರಾದಲ್ಲಿ ಅದನ್ನೂ ಬರೆದೆ, ಓದುಗರೇ ಸೂಕ್ಷ್ಮವಾಗಿ ಗಮನಿಸಿ ಎಂದು.

ಪುಸ್ತಕ ಬಿಡುಗಡೆಯ ಸಮಾರಂಭಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಫೋಟೋ ಕೊಟ್ಟವರನ್ನೆಲ್ಲ ವೇದಿಕೆಗೆ ಕರೆದು ಶಾಲು ಹೊದಿಸಿ ಪುಸ್ತಕ ಕೊಟ್ಟರು. ಅವಳ ಸರದಿ ಬಂದಾಗ ಮೆಟ್ಟಿಲು ಹತ್ತಿ ಎಲ್ಲರಿಗೂ ಕೈಮುಗಿದಳು, ಮೈಕಿನವನಿಗೂ ಕೂಡ. ಕೆಳಗೆ ಬಂದು ನನ್ನ ಪಕ್ಕ ಕೂತು ಪುಟ ತಿರುವಿ ಅವ್ವನನ್ನು ಹುಡುಕಿದಳು. ಪುಸ್ತಕವನ್ನು ನಾನೂ ಅವತ್ತೇ ಮೊದಲು ನೋಡಿದ್ದು. ಪೂರ್ತಿ ಒಂದು ಪುಟದ ಫೋಟೋ. ಹಿಂದಿನಿಂದ ಬಂದ ಆ ಕೈಯ ಸುತ್ತ ಅಧ್ಯಕ್ಷರು ಬಿಳಿ ಬಣ್ಣದಲ್ಲಿ ದಪ್ಪನೆಯ ವೃತ್ತ ಹಾಕಿಸಿದ್ದರು. ಪಕ್ಕದಲ್ಲಿ ಅಜ್ಜಿಯ ಕಣ್ಣೆರಡನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ ಹಾಕಿಸಿದ್ದರು. ಅತ್ತೆ ವೃತ್ತದ ಮೇಲೆ ಬೆರಳಿಟ್ಟು, ಇದ್ಯಾಕೆ ಸುತ್ತ ಗೆರೆ ಎಳೆದವ್ರೆ ಎಂದು ಕೇಳಿದಳು. ಕೂಸು ನೀನು ಅಂತ ಎಲ್ಲರಿಗೂ ತೋರಿಸಲು ಎಂದೆ. ಅವಳು ನಂಬಿದಳು. ನಂಬಿ ನಕ್ಕಳು.

ಅವಳನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿದವಳೂ ನಾನೇ. ಶಾಲು ತೆಗೆಯದೆ, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕಿಟಕಿ ಪಕ್ಕ ಕೂತಳು.

ನಾಲ್ಕು ದಿನ ಬಿಟ್ಟು, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಹೇಳದೆ ಕೇಳದೆ ಅತ್ತೆ ನಮ್ಮ ಮನೆಗೆ ಬಂದಳು. ಸ್ಕೂಲಿಗೆ ರಜೆ ಇತ್ತು. ಹೋಟೆಲು ಬಿಟ್ಟು ಹೊತ್ತಿಲ್ಲದ ಹೊತ್ತಿನಲ್ಲಿ ಅವಳು ಬಂದವಳಲ್ಲ. ಬಟ್ಟೆ ಚೀಲದಿಂದ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. ಕಾಫಿ ಬೇಡ ಎಂದಳು. ನೀರೂ ಬೇಡ ಎಂದಳು.

"ಓದು ಕಣಮ್ಮಿ. ನಮ್ಮವ್ವನ್ನ ಏನಂತ ಬರ್ದಿದ್ದೀಯೋ ಅದ್ನ ನಿನ್ ಬಾಯಲ್ಲೇ ಕೇಳ್ಬೇಕು."

ನಾನು ಆ ಪುಟ ತೆಗೆದೆ. ನನ್ನ ಮುಂದೆ ನಾನೇ ಬರೆದ ಅಕ್ಷರಗಳು ಇದ್ದವು, ನಾನು ಬೇರೇನನ್ನೋ ಓದಿದೆ. ಗುಂಡ್ಲುಪೇಟೆ ಸೀಮೆಯ ಒಬ್ಬ ಗೃಹಿಣಿ, ತನ್ನ ಮುದ್ದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಬ್ಬದ ದಿನ ತೆಗೆಸಿಕೊಂಡ ಚಿತ್ರ. ಆ ಕಾಲದ ಹೆಣ್ಣುಮಕ್ಕಳು ಹೀಗೆ ಧೈರ್ಯವಾಗಿ ಕ್ಯಾಮೆರಾದ ಮುಂದೆ ಕೂರುತ್ತಿದ್ದುದು ಅಪರೂಪ. ಅವಳ ಕಣ್ಣಲ್ಲಿ ಎಂಥ ವಾತ್ಸಲ್ಯವಿದೆ ನೋಡಿ. ಇನ್ನೂ ನಾಲ್ಕು ವಾಕ್ಯ ಕಟ್ಟಿದೆ. ಎಷ್ಟು ಸಲೀಸಾಗಿ ಬಂತು ಎಂದರೆ, ಅಚ್ಚಾದ ಲೇಖನಕ್ಕಿಂತ ಇದೇ ಚೆನ್ನಾಗಿತ್ತು. ಅತ್ತೆ ತಲೆ ಅಲ್ಲಾಡಿಸದೆ ಕೇಳುತ್ತಾ ಕೂತಿದ್ದಳು.

"ಅಷ್ಟೇಯಾ?"

"ಅಷ್ಟೇ ಅತ್ತೆ."

"ಕಂಡಕ್ಟ್ರು ಓದ್ದಾಗ ಇಂಗಿರ್ನಿಲ್ವಲ್ಲ" ಎಂದಳು.

ಆಮೇಲೆ ಅವಳೇ ನಿಧಾನವಾಗಿ ಹೇಳಿದಳು. ಅವತ್ತು ಬಸ್ಸು ಹೊರಟ ಮೇಲೆ, ಹೆಗಲ ಮೇಲಿನ ಶಾಲು ನೋಡಿ ಏನಜ್ಜಿ ಸನ್ಮಾನವಾ ಎಂದು ಕಂಡಕ್ಟರು ಕೇಳಿದನಂತೆ. ಇವಳಿಗೆ ಅಷ್ಟೇ ಸಾಕಾಗಿತ್ತು. ಪುಸ್ತಕ ಬಿಚ್ಚಿ ಅವನ ಕೈಗೆ ಕೊಟ್ಟು, ನಮ್ಮವ್ವನ ಬಗ್ಗೆ ನನ್ನ ಅಣ್ಣನ ಮಗಳು ಬರೆದಿದ್ದಾಳೆ, ಎಲ್ಲರಿಗೂ ಕೇಳುವ ಹಾಗೆ ಜೋರಾಗಿ ಓದಪ್ಪ ಎಂದಳಂತೆ. ಅವನು ಕಂಬಿಗೆ ಒರಗಿಕೊಂಡು ಓದಲು ಶುರು ಮಾಡಿದ. ಹಿಂದಿನ ಸೀಟಿನವರೂ ಕತ್ತು ಮುಂದೆ ಮಾಡಿ ಕೇಳಿದರು. ಎರಡನೆಯ ಪ್ಯಾರಾಕ್ಕೆ ಬರುತ್ತಿದ್ದ ಹಾಗೆ ಅವನು ಪುಸ್ತಕ ಮಡಚಿ, ಸಾಕು ಬುಡಿ ಅಜ್ಜಿ ಎಂದ. ಇವಳು ಬಿಡಲಿಲ್ಲ. ಕೊನೆಯ ತನಕ ಓದಿಸಿದಳು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಇಳಿಯುವವರೆಲ್ಲ ಇವಳ ಮುಖ ನೋಡಿಕೊಂಡು ಇಳಿದರು. ಒಬ್ಬ ಹೆಂಗಸು ಇವಳ ಕೈ ಮುಟ್ಟಿ ಹೋದಳು.

ನಾನು ಅಳಲು ಶುರು ಮಾಡಿದೆ. ಕ್ಷಮಿಸು ಅಂದೆ, ತಪ್ಪಾಯಿತು ಅಂದೆ, ಅಧ್ಯಕ್ಷರು ಹೀಗೆ ಮಾಡುತ್ತಾರೆ ಅಂತ ಗೊತ್ತಿರಲಿಲ್ಲ ಅಂದೆ. ಇಷ್ಟಾದ ಮೇಲೂ ಇನ್ನೊಬ್ಬರ ಮೇಲೆ ಹಾಕಲು ನೋಡಿದೆ. ಆ ಗೆರೆ ಅವರು ಎಳೆಸಿದ್ದು ನಿಜ, ಎಳೆಯಲು ಜಾಗ ತೋರಿಸಿದವಳು ನಾನು. ಅತ್ತೆ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತೇನೋ.

ನನ್ನ ಅಳು ನಿಂತ ಮೇಲೆ ಅವಳು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

"ಅವ್ವ ಸತ್ತಿದ್ಲು ಅಂತ ಆಯ್ತು. ಕಣ್ಣು ನಮ್ಮಣ್ಣಂದು ಅಂತ ಆಯ್ತು. ಓಗ್ಲಿ ಬುಡು. ಇಷ್ಟೆಲ್ಲ ಕಂಡಿಡ್ದವ್ಳು ನೀನು, ಇದೊಂದ ಯೋಳು ನಂಗೆ. ಸತ್ತೋಳು ಕೂಸ್ನ ಇಡ್ಕಳಕಾಯ್ತದಾ? ಅವತ್ತು ನನ್ನ ಇಡ್ಕಂಡಿದ್ದೋರು ಯಾರು? ಈ ಕೈ ಯಾರ್ದು?"

ನಾನು ಆ ಕೈಯನ್ನು ನೋಡಿದೆ. ತಾತನ ತಾಯಿಯದೋ, ಹೆರಿಗೆ ಮಾಡಿಸಿದವಳದೋ, ಗದ್ದೆ ಕೆಲಸಕ್ಕೆ ಬರುತ್ತಿದ್ದ ಯಾವ ಹೆಂಗಸಿನದೋ. ತಾಯಿ ಹೋದ ಆರು ತಿಂಗಳ ಕೂಸಿಗೆ ಆಮೇಲೆ ಹಾಲು ಕೊಟ್ಟು ಉಳಿಸಿದವಳೂ ಯಾರೋ ಇದ್ದಿರಬೇಕು, ಅವಳದೇ ಇರಬಹುದು. ಅಪ್ಪನಿಗೆ ಖಂಡಿತ ಗೊತ್ತಿತ್ತು. ಅಪ್ಪ ಆ ಕಥೆ ಹೇಳಿದ ಮೇಲೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬದುಕಿದ್ದರು, ನಾವು ಒಂದೇ ಮನೆಯಲ್ಲಿದ್ದೆವು, ಸತ್ತವಳ ತೊಡೆಯ ಮೇಲೆ ಕೂಸನ್ನು ಹಿಡಿದವರು ಯಾರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಕೈ ಕಂಡಾಗಲಾದರೂ ಇದು ಯಾರದು ಎಂದು ನಾನು ಒಂದು ಗಳಿಗೆ ಯೋಚಿಸಿರಲಿಲ್ಲ. ಸಿಕ್ಕಿತಲ್ಲ ಎಂದು ಹಿಗ್ಗಿ ಬರೆದುಬಿಟ್ಟಿದ್ದೆ.

ಗೊತ್ತಿಲ್ಲ ಅತ್ತೆ ಎಂದೆ. ಅವಳು ಇನ್ನೂ ಸ್ವಲ್ಪ ಹೊತ್ತು, ಈಗಲಾದರೂ ನಿಜ ಹೇಳುತ್ತೇನೇನೋ ಎಂದು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು.